ಎಡಗೈಯ ಅಳತೆ

ನನ್ನ ಮಗಳಿಗೆ ಗಾಲ್ಫ್ ಐರನ್‌ಗಳನ್ನು ಅಳತೆ ಕೊಟ್ಟು ಮಾಡಿಸಲು ಹೋದ ದಿನ ನಾನೊಂದು ಸುಳ್ಳು ಹೇಳಿದೆ. ಪ್ರಶ್ನೆ ಕೇಳಿದ್ದು ಅವಳನ್ನು. ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟವನು ನಾನು.

ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ತಪಾಸಣೆಯ ಕೆಲಸ ಮಾಡಿದವನು ನಾನು. ಲೇತಿನಿಂದ ಇಳಿದು ಬಂದ ಪಿನ್ನು, ಬುಷ್ಷುಗಳನ್ನು ಗೇಜಿಗೆ ಹಾಕಿ ನೋಡುವುದು, ಅಳತೆಗೆ ಬಂದದ್ದನ್ನು ಮುಂದೆ ಬಿಡುವುದು, ಬಾರದ್ದಕ್ಕೆ ಕೆಂಪು ಬಣ್ಣ ಹಚ್ಚಿ ಬೇರೆ ಇಡುವುದು. ಮನೆಗೆ ಬಂದರೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಗೋಡೆಯ ಮೇಲಿನ ಫೋಟೊ ಸ್ವಲ್ಪ ವಾಲಿದ್ದರೆ ಚಹಾ ಕುಡಿಯುವುದು ಬಿಟ್ಟು ಎದ್ದು ಸರಿಪಡಿಸುತ್ತಿದ್ದೆ.

ನನಗೆ ಇರುವುದು ಒಬ್ಬಳೇ ಮಗಳು. ಕೃಷಿ ಪದವಿ ಓದಿದಳು. ನಮ್ಮ ಊರಾದ ನಾರಾಯಣಖೇಡದ ಕಡೆ ನನ್ನ ಅಣ್ಣನಿಗೆ ತೊಗರಿ ಹೊಲ ಇದೆ. ಇವಳೂ ಬೀಜ, ಗೊಬ್ಬರದ ಕೆಲಸವನ್ನೇ ಹಿಡಿಯುತ್ತಾಳೆಂದುಕೊಂಡಿದ್ದೆವು. ಅವಳಿಗೆ ಕೆಲಸ ಸಿಕ್ಕಿದ್ದು ಹೈದರಾಬಾದಿನ ಈಚೆ ಬದಿಯ ಒಂದು ಗಾಲ್ಫ್ ಮೈದಾನದಲ್ಲಿ, ಹುಲ್ಲು ನೋಡಿಕೊಳ್ಳುವುದಕ್ಕೆ. ಹುಲ್ಲಿಗೆ ಯಾವ ರೋಗ ಬಂತು, ಎಷ್ಟು ನೀರು ಬೇಕು, ಎಷ್ಟು ಎತ್ತರಕ್ಕೆ ಕತ್ತರಿಸಬೇಕು ಎಂಬುದೇ ಅವಳ ಕೆಲಸ. "ಹುಲ್ಲ ಬೆಳಸಾಕ ಡಿಗ್ರಿ ಬೇಕಾ?" ಎಂದು ನಮ್ಮಣ್ಣ ನಕ್ಕ. ಅವಳೂ ನಕ್ಕಳು. ಸೋಮವಾರ ಮೈದಾನಕ್ಕೆ ರಜೆ. ಆವತ್ತು ಸಿಬ್ಬಂದಿಗೆ ಆಡಲು ಬಿಡುತ್ತಿದ್ದರು. ಹಾಗೆ ಆಡುತ್ತ ಆಡುತ್ತ ಅವಳಿಗೆ ಆಟದ ಹುಚ್ಚು ಹಿಡಿಯಿತು. ಯಾರೋ ಬಿಟ್ಟು ಹೋದ ಗಂಡಸರ ಹಳೆಯ ಕೋಲುಗಳಲ್ಲೇ ಎರಡು ವರ್ಷ ಆಡಿದಳು. ಸಿಬ್ಬಂದಿಯ ಪಂದ್ಯದಲ್ಲಿ ಎರಡನೆಯವಳಾಗಿ ಬಂದಾಗ ನಾನು, "ನಿನ್ನ ಅಳತಿಗಿ ಹೊಸಾವು ಮಾಡಿಸಿ ಕೊಡ್ತೀನಿ, ನಡಿ" ಎಂದೆ. ಅಳತೆ ಎಂಬ ಮಾತು ಬಂದದ್ದರಿಂದ ನನಗೂ ಹುರುಪು ಬಂದಿತ್ತು.

ಐರನ್ ಎಂದರೆ ಉಕ್ಕಿನ ತಲೆಯ ಕೋಲು. ಒಂದೊಂದಕ್ಕೂ ಒಂದು ನಂಬರು; ನಂಬರು ಏರಿದಂತೆ ಕೋಲು ಗಿಡ್ಡವಾಗುತ್ತದೆ, ಚೆಂಡು ಎತ್ತರಕ್ಕೆ ಹೋಗಿ ಹತ್ತಿರ ಬೀಳುತ್ತದೆ. ಇದನ್ನೆಲ್ಲ ಅವಳೇ ನನಗೆ ದಾರಿಯಲ್ಲಿ ಕಾರು ಓಡಿಸುತ್ತ ಹೇಳಿದಳು.

ಹೈದರಾಬಾದಿನ ಆ ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಒಂದು ಬದಿಗೆ ಬಲೆ, ಅದರ ಪಕ್ಕ ಚೆಂಡಿನ ವೇಗ, ದಿಕ್ಕು ತೋರಿಸುವ ಪರದೆ, ಹಿಂದೆ ಸಣ್ಣ ವರ್ಕ್‌ಶಾಪು. ಅಳತೆ ತೆಗೆಯುವವನು ನಲವತ್ತು ದಾಟಿದ ತೆಳ್ಳನೆಯ ಮನುಷ್ಯ. ನಾವು ತಂದೆ ಮಗಳು ಮಾತಾಡಿಕೊಳ್ಳುವುದನ್ನು ಕೇಳಿ, "ಯಾ ಊರ್ರಿ ನಿಮ್ದು? ನಾ ಕೊಡಂಗಲ್ ಕಡ್ಯಾಂವ" ಎಂದ. ಅಲ್ಲಿಯವರೆಗೆ ಹಿಂದಿ ಆಡುತ್ತಿದ್ದವನು ಆಮೇಲೆ ನಮ್ಮ ಜೊತೆ ಕನ್ನಡವನ್ನೇ ಆಡಿದ.

ಅವನ ಕೆಲಸ ನೋಡುತ್ತ ನಾನು ಮೈಮರೆತೆ. ಮೊದಲು ಅವಳನ್ನು ನೆಟ್ಟಗೆ ನಿಲ್ಲಿಸಿ ಮಣಿಕಟ್ಟಿನಿಂದ ನೆಲದವರೆಗೆ ಟೇಪು ಇಳಿಬಿಟ್ಟ. ಅಂಗೈ ಅಗಲ, ಬೆರಳಿನ ಉದ್ದ ಬರೆದುಕೊಂಡ. ಆಮೇಲೆ ಏಳನೇ ನಂಬರಿನ ಕೋಲಿನ ಮುಖಕ್ಕೆ ಒಂದು ತೆಳು ಚೀಟಿ ಅಂಟಿಸಿ, ಅಡಿಗೆ ಇನ್ನೊಂದು ಪಟ್ಟಿ ಅಂಟಿಸಿ, "ಹೊಡೀರಿ ಮೇಡಂ, ಪರೀಕ್ಷಾ ಅಲ್ಲಿದು, ಆರಾಮ ಹೊಡೀರಿ" ಎಂದ. ಚೆಂಡು ಎಲ್ಲಿ ತಗುಲಿತು ಎಂಬುದು ಮುಖದ ಚೀಟಿಯ ಮೇಲೆ ಮೂಡುತ್ತಿತ್ತು. ಕೋಲಿನ ತಲೆ ನೆಲಕ್ಕೆ ಹೇಗೆ ಕೂತಿತು ಎಂಬುದು ಅಡಿಯ ಪಟ್ಟಿಯ ಮೇಲಿನ ಗೀರಿನಿಂದ ತಿಳಿಯುತ್ತಿತ್ತು. ಗೀರು ನಡುವೆ ಇರಲಿಲ್ಲ, ತಲೆಯ ಹಿಮ್ಮಡಿಯ ಕಡೆ, ಅಂದರೆ ಕೋಲು ಸೇರುವ ಬದಿಗೆ, ಇತ್ತು. "ಕೋಲು ಇವ್ರಿಗಿ ಉದ್ದಾತು, ಭಾಳ ನೆಟ್ಟಗ ನಿಂತದ. ಅದಕ್ಕ ಚೆಂಡ್ ಎಡಕ್ಕ ಹೊಂಟದ" ಎಂದು ಆ ಕೋಲನ್ನು ಹಿಂದಿನ ಕೋಣೆಗೆ ಒಯ್ದು ಕ್ಲ್ಯಾಂಪಿಗೆ ಬಿಗಿದ. ಹಿತ್ತಾಳೆಯ ಕಚ್ಚಿನ ಸಲಾಕೆ ಹಾಕಿ ಕತ್ತಿನ ಬಳಿ ಎಷ್ಟು ಬೇಕೋ ಅಷ್ಟೇ ಬಗ್ಗಿಸಿದ. ಕೋನ ನೋಡುವ ಮುಳ್ಳು ಎರಡು ಡಿಗ್ರಿ ಸರಿಯಿತು. ಉಕ್ಕನ್ನು ಮುರಿಯದೆ, ಬಿಸಿ ಮಾಡದೆ, ಮನುಷ್ಯನ ಮೈಗೆ ತಕ್ಕಂತೆ ಬಗ್ಗಿಸುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ. ನಮ್ಮ ಕಾರ್ಖಾನೆಯಲ್ಲಿ ಅಳತೆ ಒಂದೇ. ತುಂಡು ಅದಕ್ಕೆ ಹೊಂದಬೇಕು. ಇಲ್ಲಿ ಉಲ್ಟಾ ಇತ್ತು.

ಕೋಲಿನ ದಂಡಕ್ಕೆ ಹಗುರ ಶಾಫ್ಟು ಹಾಕಿದ, ಹಿಡಿಗೆ ತೆಳು ರಬ್ಬರಿನ ಗ್ರಿಪ್ಪು ಹಾಕಿದ. ಚೆಂಡು ನೇರವಾಗತೊಡಗಿತು. ಆದರೂ ಅವನು ಪರದೆ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ. ಒಂದು ಚೆಂಡು ಬಲೆಗೆ ತಾಕಿ ಉರುಳಿ ಅವನ ಕಾಲ ಬಳಿ ಬಂತು. ಎತ್ತಿ ಅವಳ ಕಡೆ ಎಸೆದ. ಅವಳು ಹಿಡಿದಳು. "ವಾಪಸ್ ಒಗೀರಿ" ಎಂದ. ಒಗೆದಳು. ಎರಡೂ ಎಡಗೈಯಲ್ಲಿ.

"ಮೇಡಂ, ನೀವು ಎಡಗೈಯವ್ರೇನ್ರಿ?"

ಅವಳು ನನ್ನ ಕಡೆ ನೋಡಿದಳು.

"ಇಲ್ಲರಿ," ಎಂದೆ ನಾನು. "ಹುಟ್ಟಿದಾಗಿಂದ ಬಲಗೈನೇ."

"ಇಲ್ಲ, ಯಾಕ ಕೇಳ್ದೆ ಅಂದ್ರ," ಅಂದ ಅವನು, "ಎಡಗೈಯವ್ರೂ ಬಲಗೈ ಕೋಲಿನ್ಯಾಗ ಆಡ್ತಾರ, ಛಲೋನೇ ಆಡ್ತಾರ. ಆದ್ರ ಎಡಗೈ ಐರನ್‌ದ ತಲೀನೇ ಬ್ಯಾರೆ. ಒಮ್ಮಿ ಮಾಡಿಸಿದ್ರ ವಾಪಸ್ ತಗೊಳ್ಳಂಗಿಲ್ಲ. ಇವ್ರ ಎಡಗೈ ಭಾಳ ಎಳೀತದ. ಬಲಗೈ ಹಿಂದಿಂದ ಬರ್ತದ, ಯಾರೋ ಕಲಿಸಿದಂಗ. ಅದಕ್ಕ ಕೇಳ್ದೆ."

ಕೊನೆಯ ಮಾತು ಕೇಳಿ ನಾನು ಪರದೆಯ ಕಡೆ ಮುಖ ತಿರುಗಿಸಿದೆ. ಮಗಳು ಕೈಗವಸು ಬಿಚ್ಚುತ್ತ, "ಅಪ್ಪ ಹೇಳಿದ್ದು ಖರೇ ಅದರಿ. ಬಲಗೈನೇ ನಂದು" ಎಂದಳು. ಅವನು ಚೀಟಿಯ ಮೇಲೆ ಬಲ ಎಂದು ಬರೆದ. ಅವಳು ಬಲಗೈಯಲ್ಲಿ ಸಹಿ ಮಾಡಿದಳು.

ಇಷ್ಟಕ್ಕೆ ಸುಳ್ಳು ಯಾಕೆ ಬೇಕಿತ್ತು ಎಂದರೆ, ಅವಳ ಐದನೇ ವರ್ಷದ ಕಥೆ ಹೇಳಬೇಕು.

ತಾಂಡೂರಿನಲ್ಲಿ ನನ್ನ ಹೆಂಡತಿಯ ತವರು. ಅಲ್ಲಿ ಒಮ್ಮೆ ಮನೆಗೆ ಅಯ್ಯನವರು ಪೂಜೆಗೆ ಬಂದಿದ್ದರು. ಪ್ರಸಾದ ಕೊಡುವಾಗ ಎಲ್ಲರ ನಡುವೆ ನನ್ನ ಮಗಳು ಮುಂದೆ ಹೋಗಿ ಎಡಗೈ ಚಾಚಿದಳು. ಅಯ್ಯನವರು ಏನೂ ಅನ್ನಲಿಲ್ಲ, ನಕ್ಕು ಕಾದರು. ಅನ್ನುವವರು ಬೇರೆ ಇದ್ದರು. "ಅಪ್ಪಗ ಕಾರ್ಖಾನ್ಯಾಗ ತಪ್ಪ ಹುಡುಕೂ ನೌಕರಿ, ಮನ್ಯಾಗ ಕಾಣಂಗಿಲ್ಲೇನು?" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನದಿಂದ ನಾನು ಶುರು ಮಾಡಿದೆ. ಕಾರ್ಖಾನೆಯಿಂದ ಬಂದವನೇ ಅವಳನ್ನು ಪಾಟಿಯ ಮುಂದೆ ಕೂಡಿಸಿಕೊಳ್ಳುತ್ತಿದ್ದೆ. ಜೇಬಿನಲ್ಲಿ ಆರು ಇಂಚಿನ ಸ್ಟೀಲು ಪಟ್ಟಿ ಸದಾ ಇರುತ್ತಿತ್ತು. ಬಳಪ ಎಡಗೈಗೆ ಹೋದರೆ ಗೆಣ್ಣಿನ ಮೇಲೆ ಒಂದು ಏಟು. ಜೋರಾಗಿ ಅಲ್ಲ ಎಂದು ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಅವಳ ಎಡಗೈಯನ್ನು ಕರವಸ್ತ್ರದಿಂದ ಲಂಗದ ಸೊಂಟಕ್ಕೆ ಕಟ್ಟುತ್ತಿದ್ದೆ. ರೊಟ್ಟಿ ಮುರಿಯಲು ಬಾರದೆ ಅವಳು ಬಟ್ಟಲಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಹೆಂಡತಿ, "ಬಿಡ್ರಿ, ಉಂಬೂ ಕೂಸಿನ ಕೈ ಕಟ್ಟಬ್ಯಾಡ್ರಿ" ಎಂದರೆ, "ನಾಳಿ ಮಂದಿ ನಕ್ಕರ ಆಕಿಗೇ ನಗೋದು" ಎನ್ನುತ್ತಿದ್ದೆ. ನಕ್ಕದ್ದು ನನ್ನನ್ನು ನೋಡಿ ಎಂಬುದನ್ನು ಹೇಳುತ್ತಿರಲಿಲ್ಲ.

ಕೆಲವು ವಾರ ಅವಳು ಬರೆಯುವುದನ್ನೇ ಬಿಟ್ಟಳು. ಮಾತೂ ಕಡಿಮೆಯಾಯಿತು. ಆಮೇಲೆ ಒಂದು ದಿನ ಬಲಗೈಯಲ್ಲಿ ಬರೆದಳು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದವು. ಅವೂ ಸರಿಹೋದವು. ಆರು ತಿಂಗಳು ಹಿಡಿಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಮದುವೆ ಮನೆಗಳಲ್ಲಿ, ಅವಳು ಪಕ್ಕದಲ್ಲೇ ನಿಂತಿದ್ದಾಗ ಕೂಡ ನಾನು ಹೇಳಿಕೊಂಡು ತಿರುಗಿದೆ: "ಆರು ತಿಂಗಳಾಗ ಅಳತಿಗಿ ತಂದೆ ನೋಡ್ರಿ." ಕೇಳಿದವರು ಭೇಷ್ ಎಂದರು. ವರ್ಷಗಳು ಕಳೆದಂತೆ ನಾನೂ ಅದನ್ನು ಮರೆತೆ. ಅವಳೂ ಮರೆತಿದ್ದಾಳೆ, ಅಷ್ಟು ಸಣ್ಣವಳಿಗೆ ಏನು ನೆನಪಿದ್ದೀತು ಎಂದು ನಂಬಿದ್ದೆ.

ಹೊಸ ಐರನ್‌ಗಳು ಒಂದೂವರೆ ತಿಂಗಳಿಗೆ ಬಂದವು. ಅವಳು ಒಂದೊಂದನ್ನೇ ಹೊರತೆಗೆದು, ಮೂಗಿನ ಹತ್ತಿರ ಹಿಡಿದು ರಬ್ಬರಿನ ವಾಸನೆ ನೋಡಿದಳು. ಅದೇ ವಾರ ನಾರಾಯಣಖೇಡಕ್ಕೆ ಹೋದಾಗ ಬ್ಯಾಗನ್ನೂ ಕಾರಿಗೆ ಹಾಕಿಕೊಂಡಳು. ಅಣ್ಣನ ಹೊಲ ಇರುವುದು ಮನೂರ್ ದಾರಿಯಲ್ಲಿ. ತೊಗರಿ ಕಟಾವಾಗಿ ಕಟ್ಟಿಗೆಯೂ ಎತ್ತಿಯಾಗಿತ್ತು, ಹೊಲ ಬಯಲಾಗಿತ್ತು. ಅಲ್ಲಿ ನಿಂತು ಚೆಂಡು ಹೊಡೆಯತೊಡಗಿದಳು. ಹಳೆಯ ಕೋಲಿಗಿಂತ ಚೆನ್ನಾಗಿಯೇ ಹೋಗುತ್ತಿದ್ದವು. ಆದರೆ ನಾಲ್ಕಕ್ಕೆ ಒಂದು, ಬಲಗೈ ತಡವಾಗಿ ಬಂದು, ಬದಿಗೆ ಸಿಡಿಯುತ್ತಿತ್ತು. ಅಂಗಡಿಯವನ ಮಾತು ಕೇಳಿದ ಮೇಲೆ ನನ್ನ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. "ಥೂ, ನಂದೇ ತಪ್ಪು" ಎಂದು ಅವಳು ಪ್ರತಿ ಸಲ ತನ್ನನ್ನೇ ಬೈದುಕೊಂಡಳು. ನಾನು ಬದುವಿನ ಮೇಲೆ ಕೂತು ಕೇಳಿಸಿಕೊಂಡೆ.

ಅಷ್ಟರಲ್ಲಿ ಒಂದು ಹಿಂಡು ಕುರಿ ಹೊಲಕ್ಕೆ ಇಳಿದವು. ಕಾಯುವ ಮುದುಕ ದೂರದಲ್ಲಿದ್ದ. ಮುಂದಿನ ಟಗರು ನೇರ ಚೆಂಡು ಬೀಳುವ ಕಡೆಗೇ ನಡೆದಿತ್ತು. ಮಗಳು ಕೋಲು ಕೆಳಗೆ ಹಾಕಿ, ಮಣ್ಣಿನ ಒಂದು ಹೆಂಟೆ ಎತ್ತಿ ಎಸೆದಳು. ಅದು ಹೋಗಿ ಸರಿಯಾಗಿ ಟಗರಿನ ಮುಂಗಾಲಿನ ಮುಂದೆ ಬಿದ್ದು ಪುಡಿಯಾಯಿತು. ಟಗರು ತಿರುಗಿತು, ಹಿಂಡೆಲ್ಲ ತಿರುಗಿತು. ಮುದುಕ ಹತ್ತಿರ ಬಂದು, "ಕೈ ಭಾಳ ಛಲೋ ಅದ ನೋಡ್ರಿ ನಿಮ್ಮ ಮಗಳಂದು. ನಾ ಐವತ್ತು ವರ್ಷ ಒಗದೀನಿ, ನಂಗ ಹಿಂಗ ಬೀಳಂಗಿಲ್ಲ" ಎಂದ. ಎಸೆದದ್ದು ಎಡಗೈ. ಆ ಕೈಯನ್ನು ಅವಳು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು.

ಮನೆಗೆ ಬಂದ ಮೇಲೆ ಹೆಂಡತಿಗೆ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಅವತ್ತ ಹೊಡದ್ರಿ, ಅದು ಒಂದು. ಈಗ ಇಲ್ಲ ಅಂದ್ರಲ್ಲ, ಅದು ಹ್ಯಾಂಗ ಅಂದ್ರಿ?"

"ಬಾಯಿಗಿ ಬಂದ್ಬಿಡ್ತು."

"ಹಂಗಾರ ಆಕಿಗಿ ಹೇಳ್ರಿ. ನಾ ಹೇಳಂಗಿಲ್ಲ. ನೀವೇ ಹೇಳ್ರಿ."

ಹೇಳಲು ನನಗೆ ಮತ್ತೆ ಎರಡು ತಿಂಗಳು ಬೇಕಾಯಿತು. ಶನಿವಾರ ಅವಳು ಹೈದರಾಬಾದಿನಿಂದ ಮನೆಗೆ ಬಂದಾಗಲೆಲ್ಲ ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಅವಳ ಬಲಗೈ ನೋಡುತ್ತಿದ್ದೆ. ಎಷ್ಟು ಸಲೀಸಾಗಿ ರೊಟ್ಟಿ ಮುರಿಯುತ್ತಿತ್ತು! ಈಗ ಹೇಳಿ ಏನಾಗಬೇಕಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಭಯ ಇತ್ತು. ಅವಳು ಅತ್ತರೆ ತಡೆದುಕೊಳ್ಳಬಹುದಿತ್ತು. ಅವಳು ನನ್ನನ್ನು ಅಂಗಡಿಯವನ ಹಾಗೆ, ಯಾವ ಕಡೆಗೆ ಎಷ್ಟು ವಾಲಿದ್ದಾನೆ ಎಂದು ನೋಡಿಬಿಟ್ಟರೆ ಎಂಬುದು ಭಯ.

ಕೊನೆಗೆ ತಾಂಡೂರಿಗೆ ಹೋಗುವ ದಾರಿಯಲ್ಲಿ ಹೇಳಿದೆ. ಅತ್ತೆಗೆ ಮೈ ಸರಿಯಿಲ್ಲವೆಂದು ಹೆಂಡತಿ ಮೊದಲೇ ಹೋಗಿದ್ದಳು. ಹಿಂದಿನಿಂದ ನಾವಿಬ್ಬರು ಹೊರಟಿದ್ದೆವು. ಊರು ಹತ್ತಿರ ಬಂದು ರಸ್ತೆಯ ಎರಡೂ ಬದಿ ನೆಲಕ್ಕೆ ಹಾಸುವ ಪರಶಿ ಕಲ್ಲು ಕೊಯ್ಯುವ ಕಾರ್ಖಾನೆಗಳು ಶುರುವಾದವು. ಮುಂದೆ ಕಲ್ಲು ಹೇರಿದ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿತ್ತು. ಮಗಳು ಎಂಜಿನ್ ಆರಿಸಿದಳು. ಗರಗಸದ ಸದ್ದು ಕಿವಿಗೆ ಬಡಿಯುತ್ತಿತ್ತು. ಆ ಸದ್ದಿನಲ್ಲಿ ಹೇಳುವುದು ಸುಲಭ ಅನ್ನಿಸಿತು.

"ಒಂದ್ ಮಾತ ಹೇಳೋದದ," ಎಂದೆ.

"ಹೇಳು ಅಪ್ಪಾ."

"ಅವತ್ತ ಅಂಗಡ್ಯಾಗ ನಾ ಸುಳ್ಳ ಹೇಳೀನಿ. ನೀ ಸಣ್ಣಕ್ಕಿ ಇದ್ದಾಗ ಎಡಗೈಲೇ..."

"ನಂಗ ಗೊತ್ತದ."

"ಅವ್ವ ಹೇಳಿದಳೇನು?"

"ಯಾರೂ ಹೇಳಿಲ್ಲ. ನೆನಪದ. ಸ್ಟೀಲ್ ಪಟ್ಟಿ ನೆನಪದ, ಕೈ ಕಟ್ಟಿದ್ದು ನೆನಪದ."

ನಾನು ಮುಂದೆ ನಿಂತ ಲಾರಿಯನ್ನೇ ನೋಡುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಯಾವುದೋ ಹುಲ್ಲಿನ ರೋಗದ ಬಗ್ಗೆ ಹೇಳುವಾಗಲೂ ಹೀಗೇ ಹೇಳುತ್ತಾಳೆ.

"ಮತ್ತ ಅವತ್ತ ಯಾಕ ಬಲಗೈನೇ ಅಂದಿ?"

"ಮತ್ತೇನ ಅನ್ಲಿ? ಹೊರಗಿನ ಮನಷ್ಯಾನ ಮುಂದ ನಮ್ಮಪ್ಪ ಸುಳ್ಳ ಹೇಳ್ಲಿಕತ್ಯಾನ ಅನ್ಲೇನು?"

ಅವಳೇ ಮುಂದುವರಿಸಿದಳು. "ಹೊಡದದ್ದು ಅಷ್ಟ ಮನಸಿಗಿ ಹಚ್ಕೊಂಡಿಲ್ಲ ಅಪ್ಪಾ. ಎಲ್ಲಾರೂ ಹೊಡೀತಿದ್ರು ಆಗ. ಆದ್ರ ನೀ ಹೋದ ಹೋದಲ್ಲಿ ಹೇಳ್ಕೊಂಡ ನಗ್ತಿದ್ದಿ. ನಾ ಅಲ್ಲೇ ನಿಂತಿರ್ತಿದ್ದೆ. ಮಂದಿ ನನ್ನ ಕೈ ಎತ್ತಿ ನೋಡ್ತಿದ್ರು. ಅದು ನೆನಪದ."

ಲಾರಿ ಸರಿಯಿತು. ಅವಳು ಗಾಡಿ ಹೊರಡಿಸಿದಳು. ತಪ್ಪಾಯಿತು ಎಂದೆ. ಗರಗಸದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲ. ಊರೊಳಗೆ ಬಂದಾಗ ಅವಳು, "ಒಂದ ಸರ್ತಿ ಎಡಗೈ ಐರನ್ ಹಿಡದ ನೋಡ್ಬೇಕಂತ ಅದ ನಂಗ. ಆ ಅಂಗಡಿಗೇ ಹೋಗೂಣು. ನೀನೂ ಬಾ" ಎಂದಳು.

ಹೋದೆವು. ಕೊಡಂಗಲ್ಲಿನವನು ನಮ್ಮನ್ನು ಗುರುತು ಹಿಡಿದ. ಕೋಲಿನಲ್ಲಿ ಏನಾದರೂ ದೋಷ ಬಂತೇ ಎಂದು ಅವನಿಗೆ ಗಾಬರಿ. ಮಗಳು, "ಇಲ್ಲರಿ, ಐರನ್ ಛಲೋ ಅವ. ನಾ ಸಣ್ಣಕ್ಕಿದ್ದಾಗ ಎಡಗೈಯಾಕಿ ಇದ್ನಿ, ಆಮ್ಯಾಲ ಬದಲಾತು. ಒಂದ ಎಡಗೈದು ಹೊಡದ ನೋಡ್ಲೇನು?" ಎಂದಳು. ಬದಲಾತು ಎಂದಳು, ಯಾರು ಬದಲಿಸಿದರು ಎನ್ನಲಿಲ್ಲ.

"ತಾನಾಗಿ ಬದಲಾಗಿಲ್ಲರಿ," ಎಂದೆ. "ನಾನೇ ಬದಲ ಮಾಡೀನಿ. ಅವತ್ತ ನಿಮಗ ಸುಳ್ಳ ಹೇಳೀನಿ."

ಅವನು ನನ್ನ ಮುಖ ನೋಡಲಿಲ್ಲ. "ಆಗ್ತದ್ರಿ ಅಣ್ಣಾ, ನಮ್ಮನ್ಯಾಗೂ ಆಗ್ಯಾದ" ಎಂದು ಒಳಗೆ ಹೋಗಿ ಎಡಗೈಯ ಏಳನೇ ನಂಬರಿನ ಕೋಲೊಂದನ್ನು ತಂದ. ಅದರ ತಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು.

ಅವಳು ಚೆಂಡಿನ ಆಚೆ ಬದಿಗೆ ಹೋಗಿ ಈಚೆ ಮುಖ ಮಾಡಿ ನಿಂತಳು. ಕೋಲು ಹಿಡಿದ ರೀತಿಯಲ್ಲೇ ಮೈಗೆ ಒಂದು ಸಡಿಲ ಬಂದಂತೆ ನನಗೆ ಕಂಡಿತು. ಮೊದಲನೆಯದು ಚೆಂಡಿನ ನೆತ್ತಿಗೆ ತಾಗಿ ಉರುಳಿತು. ಎರಡನೆಯದೂ ಅಷ್ಟೇ. ಮೂರನೆಯದು ನೆಲಕ್ಕೆ ಬಡಿಯಿತು. ಐದನೆಯದೋ ಆರನೆಯದೋ ಸರಿಯಾಗಿ ತಾಗಿ, ಎಲ್ಲೂ ವಾಲದೆ ಬಲೆಯ ನಡುವಿಗೆ ಹೋಯಿತು. ಅಂಥ ಸದ್ದು ಅವಳ ಬಲಗೈಯ ಹೊಡೆತದಲ್ಲಿ ನಾನು ಕೇಳಿರಲಿಲ್ಲ. ಅವಳು ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಇಪ್ಪತ್ತು ಹೊಡೆದಳು. ಅದು ಮತ್ತೆ ಬರಲಿಲ್ಲ. ಬೆವರು ಒರೆಸಿಕೊಂಡು, "ಹೆಂಗ್ರಿ?" ಎಂದು ಕೇಳಿದಳು.

"ಖರೇ ಹೇಳ್ಲೇನ್ರಿ? ಈಗ ನಿಮಗ ಬಲಗೈನೇ ಛಲೋ. ಎಡಕ್ಕ ಹೊಳ್ಳಾಕ ಎರಡ ವರ್ಷ ಹಿಡೀತದ. ಮೈ ಎಲ್ಲಾ ಮತ್ತ ಕಲೀಬೇಕು."

"ಮೊದಲಿಂದ ಎಡಗೈಲೇ ಆಡಿದ್ರ?"

ಅವನು ಕೋಲಿನ ಮುಖ ಒರೆಸುತ್ತ, "ಅದು ಯಾರಿಗಿ ಗೊತ್ತಾಗ್ತದ್ರಿ" ಎಂದ.

ಆಗ ನನಗೆ ಆದದ್ದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಅವಳು ಒಂದರ ಹಿಂದೆ ಒಂದು ತಪ್ಪಿಸುತ್ತಿದ್ದಾಗ ನನ್ನ ಎದೆ ಹಗುರಾಗುತ್ತ ಬಂದಿತ್ತು. ಅಂಗಡಿಯವನು ಬಲಗೈನೇ ಛಲೋ ಎಂದಾಗ ಒಳಗೊಳಗೆ ಹಿಗ್ಗಿದೆ. ನಾನು ಮಾಡಿದ್ದರಲ್ಲಿ ಅಂಥ ನಷ್ಟವೇನೂ ಆಗಲಿಲ್ಲ ಎಂದು ಯಾರೋ ಮುದ್ರೆ ಒತ್ತಿ ಕೊಟ್ಟಂತೆ ಇತ್ತು. ಸರಿಯಾಗಿ ಹೋದ ಆ ಒಂದು ಚೆಂಡನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ನನ್ನ ಮಗಳು ಸೋಲುತ್ತಿದ್ದಳು, ನಾನು ಉಸಿರು ಬಿಡುತ್ತಿದ್ದೆ.

ಅದು ಮುಖದ ಮೇಲೆ ಬಂದಿರಬೇಕು. ಕೈಗವಸು ಮಡಿಸುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. "ಸಮಾಧಾನ ಆತೇನು ಅಪ್ಪಾ?" ಎಂದಳು. ಮೆಲ್ಲಗೆ, ನನಗಷ್ಟೇ ಕೇಳುವಂತೆ.

ಇಲ್ಲ ಎಂದು ನಾನು ಸುಳ್ಳಾದರೂ ಹೇಳಬಹುದಿತ್ತು. ಅದೂ ಬಾಯಿಗೆ ಬರಲಿಲ್ಲ. ಐದು ವರ್ಷದವಳ ಕೈ ಕಟ್ಟಿದಾಗ ತಿಳಿಯಲಿಲ್ಲ, ಮಂದಿಯ ಮಾತು ಕೇಳಿ ಮಾಡಿದೆ ಎನ್ನಬಹುದು. ಈ ಸಲ ಅಂಗಡಿಯಲ್ಲಿ ಯಾವ ಮಂದಿಯೂ ಇರಲಿಲ್ಲ. ಎಲ್ಲ ತಿಳಿದ ಅರವತ್ತರ ಹತ್ತಿರದ ಮನುಷ್ಯ, ಮಗಳು ತಪ್ಪಿಸಲಿ ಎಂದು ಬಯಸುತ್ತ ಕುರ್ಚಿಯಲ್ಲಿ ಕೂತಿದ್ದೆ.

ಅವಳು ತನ್ನ ಬಲಗೈಯ ಐರನ್‌ಗಳಲ್ಲೇ ಆಡುವುದೆಂದು ನಿಶ್ಚಯ ಮಾಡಿದಳು. ಹೊರಡುವಾಗ ಆ ಎಡಗೈಯ ಕೋಲನ್ನು ಮಾರುತ್ತೀರಾ ಎಂದು ಕೇಳಿದಳು. ಅವನು ಅದನ್ನೂ ಟೇಪು ಹಿಡಿದು ಅವಳ ಉದ್ದಕ್ಕೆ ಕತ್ತರಿಸಿ, ತೆಳು ಗ್ರಿಪ್ಪು ಹಾಕಿ ಕೊಟ್ಟ. ದಾರಿಯಲ್ಲಿ ಬೇಸಿಗೆಗೆ ಯಾವ ಹುಲ್ಲು ತಾಳುತ್ತದೆ, ಕೊಳವೆ ಬಾವಿಯ ನೀರು ಎಷ್ಟು ಉಪ್ಪಾಗಿದೆ ಎಂದು ಮಾತಾಡುತ್ತ ಬಂದಳು. ಆ ದಿನದ ಮಾತು ಮತ್ತೆ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಈಗ ಕೆಲವು ಸೋಮವಾರ ನಾನು ಬಸ್ಸು ಹಿಡಿದು ಅವಳ ಆಟ ನೋಡಲು ಹೋಗುತ್ತೇನೆ. ಚೆಂಡು ಮರದ ಬುಡಕ್ಕೆ ಒತ್ತಿ ಬಿದ್ದು ಬಲಗೈಯವರು ನಿಲ್ಲಲು ಜಾಗವಿಲ್ಲದಿದ್ದರೆ ಅವಳು ಆ ಎಡಗೈಯ ಕೋಲು ತೆಗೆಯುತ್ತಾಳೆ. ಜೊತೆಯ ಹುಡುಗಿಯರು ಮೊದಮೊದಲು ಬೆರಗಾಗಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳುತ್ತಿದ್ದರು. ಅವಳು ನಕ್ಕು, ಕಲಿತದ್ದು ಬಲಗೈಯದು ಎನ್ನುತ್ತಿದ್ದಳು. ಅವರಿಗೆ ಅರ್ಥವಾಗುತ್ತಿರಲಿಲ್ಲ. ಹತ್ತಿರದ ಬೆಂಚಿನ ಮೇಲೆ ಕೂತ ನಾನು ಅದನ್ನು ಕೇಳಿಸಿಕೊಂಡು ನೆಲ ನೋಡುತ್ತಿದ್ದೆ.